ಪಂಪ್‌ಮನೆಯ ಪೈ ವೈಫೈ ಬಿಟ್ಟರೆ ಏನು ಮಾಡಬೇಕು: ಡಬ್ಲ್ಯುಪಿಎ ಸಪ್ಲಿಕೆಂಟ್ ಜೊತೆ ನೇರ ಮಾತಾಡುವ ಕ್ರಮ

ತೀರ್ಥಹಳ್ಳಿ ಕಡೆಯ ನಮ್ಮ ತೋಟದ ಪಂಪ್‌ಮನೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಇಟ್ಟಿದ್ದೇನೆ. ಅದಕ್ಕೆ ಮಳೆ ಅಳೆಯುವ ಮಾಪಕ ಜೋಡಿಸಿದೆ. ದೊಡ್ಡಪ್ಪ ಬೆಳಗ್ಗೆ ಕಾಫಿ ಕುಡಿಯುತ್ತಾ ಫೋನಿನಲ್ಲಿ ರಾತ್ರಿ ಎಷ್ಟು ಮಳೆ ಬಿತ್ತು ಎಂದು ನೋಡುತ್ತಾರೆ. ಅವತ್ತು ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋ ದ್ರಾವಣ ಹೊಡೆಸಬೇಕೋ ಬೇಡವೋ ಎನ್ನುವುದು ಆ ಲೆಕ್ಕದ ಮೇಲೆ ನಿಂತಿರುತ್ತದೆ. ಕೊಳೆರೋಗ ಒಂದು ಸಲ ಗೊನೆಗೆ ಹತ್ತಿದರೆ ವರ್ಷದ ಬೆಳೆ ಏನಾಗುತ್ತದೆ ಅಂತ ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ ಅಲ್ವಾ.

ಎರಡು ಮಳೆಗಾಲದ ಹಿಂದೆ, ಆರಿದ್ರಾ ಮಳೆ ಜೋರಾಗಿ ಹಿಡಿದಿದ್ದ ಒಂದು ಬೆಳಗ್ಗೆ ಅವರ ಫೋನ್ ಬಂತು. "ತಮ್ಮಾ, ನಿನ್ನ ಪೆಟ್ಟಿಗೆ ಮತ್ತೆ ಮಾತಾಡ್ತಾ ಇಲ್ಲ ಕಣೋ. ನಿನ್ನೆ ರಾತ್ರಿಯಿಂದ ಲೆಕ್ಕ ಬಂದಿಲ್ಲ." ನಾನು ಶಿವಮೊಗ್ಗದಲ್ಲಿ. ಹೋಗಿ ನೋಡಬೇಕೆಂದರೆ ಅರ್ಧ ದಿನ ಬೇಕು. ಹೋಗಿ ನೋಡಿದಾಗ ಪೈ ಸರಿ ಇತ್ತು, ರೂಟರ್ ಸರಿ ಇತ್ತು, ಹಾಳಾಗಿದ್ದು ನಾನು ಬರೆದಿಟ್ಟ ಸ್ಕ್ರಿಪ್ಟ್. ಅದು ಎರಡು ನಿಮಿಷಕ್ಕೊಮ್ಮೆ ಇಂಟರ್ನೆಟ್ ಸಿಗುತ್ತದೋ ನೋಡಿ, ಸಿಗದಿದ್ದರೆ ವೈಫೈಯನ್ನು ಪೂರ್ತಿ ನಿಲ್ಲಿಸಿ ಮತ್ತೆ ಶುರು ಮಾಡುತ್ತಿತ್ತು. ರಾತ್ರಿ ಎಲ್ಲೋ ಮರ ಬಿದ್ದು ಫೈಬರ್ ತುಂಡಾಗಿದೆ. ವೈಫೈಗೆ ಏನೂ ಆಗಿಲ್ಲ. ಆದರೂ ಸ್ಕ್ರಿಪ್ಟ್ ರಾತ್ರಿಯಿಡೀ ಸರಿ ಇದ್ದ ವೈಫೈಯನ್ನೇ ಕೊಂದು ಕೊಂದು ಎಬ್ಬಿಸಿದೆ. ಬೆಳಗಿನ ಹೊತ್ತಿಗೆ ವೈಫೈ ಚಿಪ್ ಉತ್ತರ ಕೊಡುವುದನ್ನೇ ಬಿಟ್ಟಿತ್ತು.

ಅವತ್ತಿನಿಂದ ನಾನು ವೈಫೈಯನ್ನು ಹೊರಗಿನಿಂದ ಗುದ್ದುವುದು ಬಿಟ್ಟೆ. ವೈಫೈ ನೋಡಿಕೊಳ್ಳುವ ಪ್ರೋಗ್ರಾಂ ತನಗೆ ಏನಾಗುತ್ತಿದೆ ಅಂತ ತಾನೇ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳುವ ದಾರಿಯೂ ಇದೆ. ನಿಮ್ಮ ತೋಟದಲ್ಲಿ, ಹೋಂಸ್ಟೇಯಲ್ಲಿ, ಅಡಿಕೆ ಡ್ರೈಯರ್ ಹತ್ತಿರ ಇಂಥ ಪೆಟ್ಟಿಗೆ ಇದ್ದರೆ ಈ ದಾರಿ ನಿಮಗೂ ಬೇಕಾಗುತ್ತದೆ.

ಒಂದು ಮಾತು ಮೊದಲೇ. ಕಮಾಂಡುಗಳನ್ನೆಲ್ಲ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಪ್ರೋಗ್ರಾಮಿನಲ್ಲಿ ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಿರಿ. ಕಮಾಂಡಿನ ಹೆಸರಿನಲ್ಲಿ ಎರಡು ಪದ ಇದ್ದರೆ ನಡುವೆ ಜಾಗ ಬಿಡದೆ ಅಂಡರ್‌ಸ್ಕೋರ್ ಹಾಕಿ.

ಯಾರ ಜೊತೆ ಮಾತಾಡುತ್ತಿದ್ದೇವೆ

ಪೈಯಂಥ ಯಂತ್ರಗಳನ್ನು ನಡೆಸುವ ಲಿನಕ್ಸಿನಲ್ಲಿ ವೈಫೈ ಪಾಸ್‌ವರ್ಡ್ ವ್ಯವಹಾರವನ್ನು ಹೆಚ್ಚಿನ ಕಡೆ ನೋಡಿಕೊಳ್ಳುವುದು ಡಬ್ಲ್ಯುಪಿಎ ಸಪ್ಲಿಕೆಂಟ್ ಎಂಬ ಪ್ರೋಗ್ರಾಂ. ಯೌನಿ ಮಾಲಿನೆನ್ ಎಂಬವರು ಬರೆದದ್ದು, ಇಂದಿಗೂ ಬೆಳೆಸುತ್ತಿದ್ದಾರೆ. ಮುಕ್ತ ತಂತ್ರಾಂಶ. ಆಂಡ್ರಾಯ್ಡ್ ಫೋನುಗಳ ಒಳಗೂ ಇದೇ ಕೆಲಸ ಮಾಡುತ್ತದೆ. ರೂಟರ್ ಹುಡುಕುವುದು, ಅದರ ಜೊತೆ ಗುರುತು ಒಪ್ಪಿಸುವುದು, ಕೀಲಿ ಬದಲಾಯಿಸಿಕೊಳ್ಳುವುದು, ಸಂಪರ್ಕ ತಪ್ಪಿದರೆ ಮತ್ತೆ ಯತ್ನಿಸುವುದು ಇದರ ಕೆಲಸ.

ಐಪಿ, ಅಂದರೆ ನೆಟ್‌ವರ್ಕಿನಲ್ಲಿ ಯಂತ್ರದ ವಿಳಾಸ, ಕೊಡಿಸುವುದು ಇದರ ಕೆಲಸ ಅಲ್ಲ. ಅದಕ್ಕೆ ಡಿಎಚ್‌ಸಿಪಿ ಪ್ರೋಗ್ರಾಂ ಬೇರೆಯೇ ಇರುತ್ತದೆ. ಇಂಟರ್ನೆಟ್ ಇದೆಯೋ ಇಲ್ಲವೋ ಎನ್ನುವುದಂತೂ ಇದಕ್ಕೆ ಗೊತ್ತೇ ಇಲ್ಲ. ವೈಫೈ ಸೇರಿದೆಯಾ, ಐಪಿ ಸಿಕ್ಕಿದೆಯಾ, ಹೊರಗಿನ ಲೈನ್ ಇದೆಯಾ, ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ನನ್ನ ಹಳೆಯ ಸ್ಕ್ರಿಪ್ಟ್ ಮೂರನೆಯದನ್ನು ಕೇಳಿ ಮೊದಲನೆಯದಕ್ಕೆ ಔಷಧಿ ಕೊಡುತ್ತಿತ್ತು.

ವೈಫೈಗೆ ಯಜಮಾನ ಒಬ್ಬನೇ ಇರಲಿ

ಮೊದಲು ನಿಮ್ಮ ಯಂತ್ರದಲ್ಲಿ ವೈಫೈಯನ್ನು ಈಗಾಗಲೇ ಯಾರು ನಡೆಸುತ್ತಿದ್ದಾರೆ ನೋಡಿ. 2023ರಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ರಾಸ್ಪ್‌ಬೆರಿ ಪೈ ಓಎಸ್‌ನಲ್ಲಿ ಎಲ್ಲ ಸಂಪರ್ಕಗಳನ್ನು ನಡೆಸುವ ನೆಟ್‌ವರ್ಕ್ ಮ್ಯಾನೇಜರ್ ಎಂಬ ಪ್ರೋಗ್ರಾಂ ತಾನಾಗಿಯೇ ಬರುತ್ತದೆ. ಮೊದಲು ಮೆಮೊರಿ ಕಾರ್ಡಿನ ಬೂಟ್ ಭಾಗದಲ್ಲಿ ಸಪ್ಲಿಕೆಂಟಿನ ಸಂರಚನೆ ಫೈಲ್ ಹಾಕಿದರೆ ಸಾಕಾಗುತ್ತಿತ್ತು. ಈಗ ಆ ಪದ್ಧತಿ ನಡೆಯುವುದಿಲ್ಲ. ಹಳೆಯ ಲೇಖನ ನೋಡಿ ಮಾಡಿದವರು ಇಲ್ಲೇ ಎಡವುತ್ತಾರೆ.

ನೆಟ್‌ವರ್ಕ್ ಮ್ಯಾನೇಜರ್ ಇದ್ದಾಗಲೂ ಕೆಳಗೆ ದುಡಿಯುವುದು ಇದೇ ಸಪ್ಲಿಕೆಂಟ್. ಆದರೆ ಆಗ ಮ್ಯಾನೇಜರ್ ಒಂದು ಹೇಳಿ ನಿಮ್ಮ ಪ್ರೋಗ್ರಾಂ ಇನ್ನೊಂದು ಹೇಳಿದರೆ ಇಬ್ಬರು ಯಜಮಾನರ ಆಳಿನ ಪಾಡಾಗುತ್ತದೆ. ಹಾಗಾಗಿ ಎರಡರಲ್ಲಿ ಒಂದು ಆರಿಸಿ. ಮ್ಯಾನೇಜರ್ ಇರಲಿ ಎಂದರೆ ಅದರದ್ದೇ ಕಮಾಂಡ್ ಬಳಸಿ, ಸಪ್ಲಿಕೆಂಟ್ ಜೊತೆ ಕೇಳಿಸಿಕೊಳ್ಳುವ ಸಂಬಂಧ ಮಾತ್ರ ಇಟ್ಟುಕೊಳ್ಳಿ. ಪಂಪ್‌ಮನೆಯ ಪೆಟ್ಟಿಗೆಯಂತೆ ಒಂದೇ ಕೆಲಸದ ಯಂತ್ರವಾದರೆ ನನ್ನ ಸಲಹೆ ಬೇರೆ: ವೈಫೈ ಸಾಧನವನ್ನು ಮ್ಯಾನೇಜರ್ ಕೈಯಿಂದ ಬಿಡಿಸಿ. ಅದರ ಸಂರಚನೆಯಲ್ಲಿ ಈ ಸಾಧನ ನಿನ್ನದಲ್ಲ ಎಂದು ಬರೆದು, ಸಪ್ಲಿಕೆಂಟನ್ನು ಆ ಸಾಧನದ ಹೆಸರಿನ ಸ್ವಂತ ಸೇವೆಯಾಗಿ ಎಬ್ಬಿಸಿ. ಡಿಎಚ್‌ಸಿಪಿಗೂ ಒಂದು ಸೇವೆ ಹಾಕಲು ಮರೆಯಬೇಡಿ.

ಇದನ್ನು ದೂರದಿಂದ, ಅದೇ ವೈಫೈ ಮೇಲೆ ಲಾಗಿನ್ ಆಗಿ ಮಾಡಬೇಡಿ. ಕೂತ ಕೊಂಬೆ ಕಡಿದ ಹಾಗಾಗುತ್ತದೆ. ಕೇಬಲ್ ಹಾಕಿ, ಇಲ್ಲವೇ ಪರದೆ ಕೀಬೋರ್ಡ್ ಜೋಡಿಸಿ ಮಾಡಿ.

ಬಾಗಿಲು ತೆರೆಯುವ ಮೂರು ಸಾಲು

ಸಪ್ಲಿಕೆಂಟಿನ ಸಂರಚನೆ ಫೈಲಿನ ಮೇಲ್ಭಾಗದಲ್ಲಿ ಮೂರು ಸಾಲು ಬೇಕು. ಒಂದು, ಸಿಟಿಆರ್‌ಎಲ್ ಇಂಟರ್‌ಫೇಸ್ ಎಂಬ ಸಾಲು. ಇದು ಮಾತಿನ ಬಾಗಿಲು ಯಾವ ಫೋಲ್ಡರಿನಲ್ಲಿ ಇರಬೇಕು, ಯಾವ ಗುಂಪಿನವರು ಒಳಗೆ ಬರಬಹುದು ಎಂದು ಹೇಳುತ್ತದೆ. ಫೋಲ್ಡರ್ ಸಾಮಾನ್ಯವಾಗಿ ರನ್ ಒಳಗಿನ ಡಬ್ಲ್ಯುಪಿಎ ಸಪ್ಲಿಕೆಂಟ್, ಗುಂಪು ಡೆಬಿಯನ್ ಬಗೆಯ ಲಿನಕ್ಸ್ ಇರುವ ಯಂತ್ರಗಳಲ್ಲಿ ನೆಟ್‌ಡೆವ್. ಎರಡು, ಅಪ್‌ಡೇಟ್ ಕಾನ್ಫಿಗ್ ಬೆಲೆ 1. ಇದಿಲ್ಲದಿದ್ದರೆ ಪ್ರೋಗ್ರಾಂ ಮೂಲಕ ಸೇರಿಸಿದ ನೆಟ್‌ವರ್ಕ್ ಫೈಲಿಗೆ ಉಳಿಯುವುದಿಲ್ಲ, ಕರೆಂಟ್ ಹೋದರೆ ಅದೂ ಹೋಯಿತು. ಮೂರು, ದೇಶದ ಸಂಕೇತ, ನಮಗೆ ಐಎನ್. ಯಾವ ಚಾನೆಲ್, ಎಷ್ಟು ಶಕ್ತಿ ಎನ್ನುವುದು ದೇಶದ ನಿಯಮದ ಮೇಲೆ ನಿಂತಿದೆ.

ನಿಮ್ಮ ಬಳಕೆದಾರನನ್ನು ಆ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಲಾಗಿನ್ ಆಗಿ. ಅಲ್ಲಿಯವರೆಗೆ ಅನುಮತಿ ಇಲ್ಲ ಎಂದೇ ಬರುತ್ತಿರುತ್ತದೆ.

ಸಪ್ಲಿಕೆಂಟ್ ಶುರುವಾದ ಮೇಲೆ ಆ ಫೋಲ್ಡರ್ ತೆರೆದು ನೋಡಿ. ನಿಮ್ಮ ವೈಫೈ ಸಾಧನದ ಹೆಸರಿನಲ್ಲಿ, ಪೈನಲ್ಲಾದರೆ ಡಬ್ಲ್ಯೂಲ್ಯಾನ್ 0 ಎಂದು, ಒಂದು ಫೈಲ್ ಕಾಣಬೇಕು. ಫೈಲಿನ ಹಾಗೆ ಕಂಡರೂ ಅದು ಯುನಿಕ್ಸ್ ಸಾಕೆಟ್, ಅಂದರೆ ಒಂದೇ ಯಂತ್ರದ ಎರಡು ಪ್ರೋಗ್ರಾಂಗಳು ಮಾತಾಡಿಕೊಳ್ಳುವ ಕೊಂಡಿ. ಮಾತು ಇದರ ಮೂಲಕವೇ.

ಮೊದಲು ಕೈಯಲ್ಲೇ ಮಾತಾಡಿ

ಕೋಡ್ ಬರೆಯುವ ಮುಂಚೆ ಸಪ್ಲಿಕೆಂಟ್ ಜೊತೆಗೇ ಬರುವ ಡಬ್ಲ್ಯುಪಿಎ ಸಿಎಲ್‌ಐ ಎಂಬ ಪುಟ್ಟ ಪ್ರೋಗ್ರಾಂ ತೆರೆಯಿರಿ. ಇದರಲ್ಲಿ ಕಮಾಂಡುಗಳು ಸಣ್ಣಕ್ಷರದಲ್ಲಿ. ಪಿಂಗ್ ಎಂದು ಹೊಡೆಯಿರಿ, ಪಾಂಗ್ ಎಂದು ಉತ್ತರ ಬರುತ್ತದೆ. ಅಷ್ಟಾದರೆ ಬಾಗಿಲು ತೆರೆದಿದೆ ಎಂದು ಅರ್ಥ.

ಆಮೇಲೆ ಸ್ಟೇಟಸ್ ಕೇಳಿ. ಅದರಲ್ಲಿ ಡಬ್ಲ್ಯುಪಿಎ ಸ್ಟೇಟ್ ಎಂಬ ಸಾಲು ನೋಡಿ. ಸ್ಕ್ಯಾನಿಂಗ್ ಎಂದರೆ ಹುಡುಕುತ್ತಿದೆ. ಅಸೋಸಿಯೇಟಿಂಗ್ ಎಂದರೆ ರೂಟರ್ ಬಾಗಿಲು ತಟ್ಟುತ್ತಿದೆ. ಫೋರ್‌ವೇ ಹ್ಯಾಂಡ್‌ಶೇಕ್ ಎಂದರೆ ಪಾಸ್‌ವರ್ಡ್ ಸರಿ ಇದೆ ಎಂದು ಎರಡೂ ಕಡೆಯವರು ನಾಲ್ಕು ಸಂದೇಶದಲ್ಲಿ ಖಾತ್ರಿ ಮಾಡಿಕೊಳ್ಳುತ್ತಿದ್ದಾರೆ. ಕಂಪ್ಲೀಟೆಡ್ ಬಂದರೆ ವೈಫೈ ಮಟ್ಟಿಗೆ ಕೆಲಸ ಮುಗಿಯಿತು.

ಸ್ಕ್ಯಾನ್ ಎಂದು ಹೊಡೆದರೆ ತಕ್ಷಣ ಓಕೆ ಬರುತ್ತದೆ. ಹುಡುಕುವುದು ಮುಗಿಯಿತು ಎಂದಲ್ಲ, ಹುಡುಕಲು ಒಪ್ಪಿದೆ ಎಂದಷ್ಟೇ ಅದರ ಅರ್ಥ. ಮುಗಿದಾಗ ಸ್ಕ್ಯಾನ್ ರಿಸಲ್ಟ್ಸ್ ಎಂಬ ಸೂಚನೆ ಬೇರೆ ಬರುತ್ತದೆ. ಆಗ ಸ್ಕ್ಯಾನ್ ರಿಸಲ್ಟ್ಸ್ ಕಮಾಂಡ್ ಕೊಟ್ಟರೆ ಪಟ್ಟಿ ಸಿಗುತ್ತದೆ: ರೂಟರಿನ ವಿಳಾಸ, ಫ್ರೀಕ್ವೆನ್ಸಿ, ಸಿಗ್ನಲ್ ಮಟ್ಟ, ಭದ್ರತೆಯ ಬಗೆ, ಹೆಸರು. ಅದಾಗಲೇ ಹುಡುಕುತ್ತಿರುವಾಗ ಮತ್ತೆ ಸ್ಕ್ಯಾನ್ ಕೇಳಿದರೆ ಫೇಲ್ ಬ್ಯುಸಿ ಎನ್ನುತ್ತದೆ. ಅದು ದೋಷ ಅಲ್ಲ, ಸ್ವಲ್ಪ ತಾಳಿ ಎಂದು ಹೇಳುತ್ತಿದೆ ಅಷ್ಟೇ.

ಅರ್ಧ ಗಂಟೆ ಹೀಗೆ ಆಡಿ. ರೂಟರ್ ಸ್ವಿಚ್ ಆರಿಸಿ, ಹಾಕಿ, ಪರದೆಯಲ್ಲಿ ಏನೇನು ಸಾಲು ಬರುತ್ತದೆ ನೋಡಿ. ಮುಂದೆ ಬರೆಯುವ ಕೋಡ್ ಅದರಿಂದಲೇ ಅರ್ಧ ಅರ್ಥವಾಗುತ್ತದೆ.

ಒಂದು ಸಣ್ಣ ದಾರಿಯೂ ಇದೆ. ಸಿಎಲ್‌ಐಗೆ ಎ ಎಂಬ ಆಯ್ಕೆ ಕೊಟ್ಟು ಒಂದು ಸ್ಕ್ರಿಪ್ಟ್ ಹೆಸರು ಕೊಟ್ಟರೆ, ಸಂಪರ್ಕ ಸಿಕ್ಕಾಗ ಮತ್ತು ತಪ್ಪಿದಾಗ ಆ ಸ್ಕ್ರಿಪ್ಟನ್ನು ಅದೇ ಕರೆಯುತ್ತದೆ. ಸಾಧನದ ಹೆಸರು, ಕನೆಕ್ಟೆಡ್ ಅಥವಾ ಡಿಸ್ಕನೆಕ್ಟೆಡ್ ಎಂಬ ಪದ, ಎರಡೇ. ನಿಮಗೆ ಅಷ್ಟೇ ಸಾಕು ಎಂದಾದರೆ ಇಲ್ಲಿಗೇ ನಿಲ್ಲಬಹುದು. ನನಗೆ ಯಾಕೆ ತಪ್ಪಿತು ಎನ್ನುವುದು ಬೇಕಿತ್ತು, ಅದಕ್ಕೆ ಮುಂದೆ ಹೋದೆ.

ಸ್ವಂತ ಪ್ರೋಗ್ರಾಮಿನಿಂದ ಮಾತು

ಸಿ ಭಾಷೆಯವರಿಗೆ ಸಪ್ಲಿಕೆಂಟಿನ ಮೂಲ ಕೋಡಿನಲ್ಲೇ ಡಬ್ಲ್ಯುಪಿಎ ಸಿಟಿಆರ್‌ಎಲ್ ಎಂಬ ಪುಟ್ಟ ಲೈಬ್ರರಿ ಇದೆ. ತೆರೆ, ಕೇಳು, ಅಂಟಿಕೋ, ಬಿಡು, ಮುಚ್ಚು ಎಂಬಂಥ ಬೆರಳೆಣಿಕೆಯ ಫಂಕ್ಷನ್‌ಗಳು. ನಾನು ಪೈಥಾನಿನಲ್ಲಿ ಬರೆದೆ. ಅದಕ್ಕೆ ಯಾವ ಲೈಬ್ರರಿಯೂ ಬೇಡ, ಸಾಕೆಟ್ ಮಾಡ್ಯೂಲ್ ಸಾಕು. ಕಳಿಸುವುದೂ ಪಠ್ಯ, ಬರುವುದೂ ಪಠ್ಯ.

ಯುನಿಕ್ಸ್ ಕುಟುಂಬದ, ಡೇಟಾಗ್ರಾಂ ಬಗೆಯ ಸಾಕೆಟ್ ಮಾಡಿ. ಈಗ ಬರುವ ಹೆಜ್ಜೆಯನ್ನು ತುಂಬ ಜನ ಬಿಡುತ್ತಾರೆ: ಕನೆಕ್ಟ್ ಮಾಡುವ ಮುಂಚೆ ನಿಮ್ಮ ಸಾಕೆಟನ್ನೂ ಒಂದು ಫೈಲ್ ಹೆಸರಿಗೆ ಬೈಂಡ್ ಮಾಡಬೇಕು, ಅಂದರೆ ಆ ಹೆಸರನ್ನು ಅದರ ವಿಳಾಸವಾಗಿ ಕಟ್ಟಬೇಕು. ಡೇಟಾಗ್ರಾಂ ಎಂದರೆ ಅಂಚೆ ಕಾಗದ ಇದ್ದ ಹಾಗೆ. ಕಳಿಸಿದವರ ವಿಳಾಸ ಇಲ್ಲದಿದ್ದರೆ ಉತ್ತರ ಎಲ್ಲಿಗೆ ಬರೆಯುವುದು? ಬೈಂಡ್ ಮಾಡದೆ ಪಿಂಗ್ ಕಳಿಸಿದರೆ ಕಳಿಸುವುದು ಸುಮ್ನೆ ಆಗಿಬಿಡುತ್ತದೆ, ಯಾವ ದೋಷವೂ ಬರುವುದಿಲ್ಲ. ಪಾಂಗ್ ಮಾತ್ರ ಎಂದಿಗೂ ಬರುವುದಿಲ್ಲ.

ಆ ಫೈಲನ್ನು ಎಲ್ಲಿ ಇಡುವುದು? ಉದಾಹರಣೆಗಳಲ್ಲಿ ಟೆಂಪ್ ಫೋಲ್ಡರ್ ಬಳಸಿರುತ್ತಾರೆ. ಕೈಯಲ್ಲಿ ಓಡಿಸುವಾಗ ಅದು ನಡೆಯುತ್ತದೆ. ಲಿನಕ್ಸಿನಲ್ಲಿ ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಂಡಿಯ ಸೇವೆಯಾಗಿ ಹಾಕಿ, ಅದರಲ್ಲಿ ಪ್ರೈವೇಟ್ ಟೆಂಪ್ ಆನ್ ಇದ್ದರೆ ನಿಮ್ಮ ಟೆಂಪ್ ಬೇರೆ, ಸಪ್ಲಿಕೆಂಟಿನ ಟೆಂಪ್ ಬೇರೆ. ನಿಮ್ಮ ಫೈಲ್ ಅದಕ್ಕೆ ಕಾಣುವುದೇ ಇಲ್ಲ, ಉತ್ತರ ಬರುವುದಿಲ್ಲ. ಕೈಯಲ್ಲಿ ಓಡಿಸಿದರೆ ಸರಿ, ಸೇವೆಯಾಗಿ ಓಡಿಸಿದರೆ ಮೌನ. ಇದೊಂದನ್ನು ಹುಡುಕಲು ನನಗೆ ಎರಡು ಭಾನುವಾರ ಹಿಡಿಯಿತು. ಅದಕ್ಕೇ ಹೇಳುತ್ತೇನೆ, ಸೇವೆಯ ಫೈಲಿನಲ್ಲಿ ರನ್‌ಟೈಮ್ ಡೈರೆಕ್ಟರಿ ಎಂದು ಒಂದು ಹೆಸರು ಕೊಡಿ. ಸಿಸ್ಟಂಡಿ ಅದನ್ನು ರನ್ ಒಳಗೆ ನಿಮ್ಮ ಬಳಕೆದಾರನ ಒಡೆತನದಲ್ಲೇ ಮಾಡಿಕೊಡುತ್ತದೆ. ಸಾಕೆಟ್ ಫೈಲ್ ಅಲ್ಲಿಡಿ. ಪೂರ್ತಿ ದಾರಿ 108 ಬೈಟ್ ಒಳಗಿರಬೇಕು, ಅದು ಲಿನಕ್ಸಿನ ಮಿತಿ.

ಬೈಂಡ್ ಮಾಡುವ ಮುಂಚೆ ಅದೇ ಹೆಸರಿನ ಹಳೆಯ ಫೈಲ್ ಇದ್ದರೆ ಅಳಿಸಿ. ಪ್ರೋಗ್ರಾಂ ಅರ್ಧದಲ್ಲಿ ಸತ್ತರೆ ಫೈಲ್ ಉಳಿದುಬಿಡುತ್ತದೆ, ಮುಂದಿನ ಸಲ ಈ ವಿಳಾಸ ಬಳಕೆಯಲ್ಲಿದೆ ಎಂದು ಬೈಂಡ್ ಸೋಲುತ್ತದೆ. ಉತ್ತರ ಓದುವಾಗ ಕನಿಷ್ಠ 4096 ಬೈಟ್ ಜಾಗ ಕೊಡಿ. ಡೇಟಾಗ್ರಾಮಿನಲ್ಲಿ ಜಾಗ ಸಾಲದೆ ಉಳಿದ ಪಠ್ಯ ಕಾಯುತ್ತಾ ಕೂರುವುದಿಲ್ಲ, ಕಳೆದೇ ಹೋಗುತ್ತದೆ. ಓದುವುದಕ್ಕೆ ಗಡುವೂ ಇರಲಿ. ಸಿ ಲೈಬ್ರರಿ 10 ಸೆಕೆಂಡ್ ಕಾಯುತ್ತದೆ, ನಾನೂ ಅಷ್ಟೇ ಇಟ್ಟಿದ್ದೇನೆ.

ಎರಡು ಸಾಕೆಟ್ ಇಟ್ಟುಕೊಳ್ಳಿ

ಒಂದು ಸಾಕೆಟ್ ಕೇಳುವುದಕ್ಕೆ ಮತ್ತು ಉತ್ತರ ಪಡೆಯುವುದಕ್ಕೆ. ಇನ್ನೊಂದು ಸುಮ್ಮನೆ ಕಿವಿಗೊಟ್ಟು ಕೂರುವುದಕ್ಕೆ. ಎರಡನೆಯದರಿಂದ ಅಟ್ಯಾಚ್ ಎಂದು ಕಳಿಸಿದರೆ ಓಕೆ ಬರುತ್ತದೆ, ಆಮೇಲೆ ಸಪ್ಲಿಕೆಂಟ್ ತನ್ನ ಸುದ್ದಿಗಳನ್ನು ತಾನಾಗಿಯೇ ಕಳಿಸುತ್ತಾ ಹೋಗುತ್ತದೆ. ಒಂದೇ ಸಾಕೆಟಿನಲ್ಲಿ ಎರಡೂ ಮಾಡಲು ಹೋದರೆ ನೀವು ಸ್ಟೇಟಸ್ ಕೇಳಿದ ಹೊತ್ತಿಗೆ ಸುದ್ದಿಯೊಂದು ನಡುವೆ ನುಗ್ಗಿ, ಅದನ್ನೇ ಉತ್ತರ ಎಂದು ನಿಮ್ಮ ಕೋಡ್ ಓದಿಬಿಡುತ್ತದೆ. ಸುದ್ದಿಯ ಸಾಲು ಕೋನ ಆವರಣದೊಳಗೆ ಒಂದು ಅಂಕಿ ಇಟ್ಟುಕೊಂಡು ಶುರುವಾಗುತ್ತದೆ, ಸಾಮಾನ್ಯವಾಗಿ 3. ಅದು ಸುದ್ದಿಯ ಮಹತ್ವದ ಮಟ್ಟ. ಅದನ್ನು ಕತ್ತರಿಸಿ ಉಳಿದದ್ದು ಓದಿ.

ಸಪ್ಲಿಕೆಂಟ್ ತಾನೇ ನಿಂತು ಮತ್ತೆ ಎದ್ದರೆ ಹಳೆಯ ಸಾಕೆಟ್ ಫೈಲ್ ಹೋಗಿ ಹೊಸದು ಬಂದಿರುತ್ತದೆ. ನಿಮ್ಮ ಕಿವಿ ಮಾತ್ರ ಹಳೆಯ ಬಾಗಿಲಿಗೇ ಅಂಟಿಕೊಂಡಿರುತ್ತದೆ, ಸುದ್ದಿ ಇಲ್ಲ ಎಂದರೆ ಎಲ್ಲ ಸುಖ ಎಂದು ತಿಳಿದುಕೊಂಡು ಕೂತಿರುತ್ತದೆ. ನಿಲ್ಲುವಾಗ ಟರ್ಮಿನೇಟಿಂಗ್ ಎಂಬ ಸೂಚನೆ ಬರುತ್ತದೆ ನಿಜ, ಪ್ರೋಗ್ರಾಂ ಕುಸಿದು ಬಿದ್ದರೆ ಅದೂ ಬರುವುದಿಲ್ಲ. ಹಾಗಾಗಿ ಆಗಾಗ ಪಿಂಗ್ ಕಳಿಸುತ್ತಿರಿ. ಸಿಎಲ್‌ಐ ತಾನೇ 5 ಸೆಕೆಂಡಿಗೊಮ್ಮೆ ಕಳಿಸುತ್ತದೆ. ಪಾಂಗ್ ಬಾರದಿದ್ದರೆ ಎರಡೂ ಸಾಕೆಟ್ ಮುಚ್ಚಿ, ಹೊಸದಾಗಿ ತೆರೆದು, ಮತ್ತೆ ಅಟ್ಯಾಚ್ ಆಗಿ.

ನೆಟ್‌ವರ್ಕ್ ಸೇರಿಸುವುದು

ಇದು ಸುಲಭ. ಆಡ್ ನೆಟ್‌ವರ್ಕ್ ಎಂದರೆ ಒಂದು ಸಂಖ್ಯೆ ವಾಪಸ್ ಬರುತ್ತದೆ. ಆ ಸಂಖ್ಯೆ ಹಿಡಿದು ಸೆಟ್ ನೆಟ್‌ವರ್ಕ್ ಕಮಾಂಡಿನಲ್ಲಿ ಎಸ್‌ಎಸ್‌ಐಡಿ ಅಂದರೆ ವೈಫೈ ಹೆಸರು ಕೊಡಿ, ಪಿಎಸ್‌ಕೆ ಅಂದರೆ ಪಾಸ್‌ವರ್ಡ್ ಕೊಡಿ. ಪಾಸ್‌ವರ್ಡ್ ಇಲ್ಲದ ನೆಟ್‌ವರ್ಕ್ ಆದರೆ ಕೀ ಮ್ಯಾನೇಜ್‌ಮೆಂಟ್ ನನ್ ಎಂದು ಹೇಳಬೇಕು. ಆಮೇಲೆ ಎನೇಬಲ್ ನೆಟ್‌ವರ್ಕ್. ಕೊನೆಗೆ ಸೇವ್ ಕಾನ್ಫಿಗ್. ಸೆಲೆಕ್ಟ್ ನೆಟ್‌ವರ್ಕ್ ಎಂಬುದೂ ಇದೆ, ಆದರೆ ಅದು ಉಳಿದ ಎಲ್ಲ ನೆಟ್‌ವರ್ಕುಗಳನ್ನು ನಿಷ್ಕ್ರಿಯ ಮಾಡಿಬಿಡುತ್ತದೆ. ಮನೆಯ ರೂಟರ್ ಹೋದರೆ ಫೋನಿನ ಹಾಟ್‌ಸ್ಪಾಟ್ ಹಿಡಿಯಲಿ ಎಂಬ ಆಸೆ ಇದ್ದವರು ಸೆಲೆಕ್ಟ್ ಬಳಸಬೇಡಿ. ಸೇವ್ ಮಾಡಿದಾಗ ಫೈಲ್ ಪೂರ್ತಿ ಹೊಸದಾಗಿ ಬರೆಯಲ್ಪಡುತ್ತದೆ, ನೀವು ಅದರಲ್ಲಿ ಬರೆದಿಟ್ಟ ಟಿಪ್ಪಣಿಗಳು ಮಾಯ.

ಹೆಸರು ಮತ್ತು ಪಾಸ್‌ವರ್ಡ್ ಸುತ್ತ ಜೋಡಿ ಉದ್ಧರಣ ಚಿಹ್ನೆ ಇರಲೇಬೇಕು, ಆ ಚಿಹ್ನೆಗಳೂ ಸಪ್ಲಿಕೆಂಟಿಗೆ ತಲುಪಬೇಕು. ಶೆಲ್‌ನಿಂದ, ಅಂದರೆ ಕಮಾಂಡ್ ಟೈಪ್ ಮಾಡುವ ಜಾಗದಿಂದ, ಸಿಎಲ್‌ಐ ಕರೆಯುವಾಗ ಶೆಲ್ ಅವನ್ನು ತಿಂದುಬಿಡುತ್ತದೆ, ಹೊರಗೆ ಒಂಟಿ ಚಿಹ್ನೆ ಹಾಕಿ ಕಾಪಾಡಬೇಕು. ಸಾಕೆಟಿನಲ್ಲಿ ನೇರ ಕಳಿಸಿದರೆ ಈ ತಾಪತ್ರಯ ಇಲ್ಲ. ಚಿಹ್ನೆ ಇಲ್ಲದ ಹೆಸರನ್ನು ಅದು ಹೆಕ್ಸ್ ಅಂಕಿಗಳು, ಅಂದರೆ ಹದಿನಾರರ ಲೆಕ್ಕದ ಅಂಕಿಗಳು, ಎಂದು ಓದಲು ಹೋಗುತ್ತದೆ. ಪಾಸ್‌ವರ್ಡ್ 8ರಿಂದ 63 ಅಕ್ಷರ.

ನಿಮ್ಮ ವೈಫೈ ಹೆಸರು ಕನ್ನಡದಲ್ಲಿದೆಯಾ? ಇರಲಿ, ನಮ್ಮದೂ ಕನ್ನಡದಲ್ಲೇ ಇದೆ. ವೈಫೈ ಹೆಸರಿನ ಮಿತಿ 32 ಬೈಟ್. ಅಕ್ಷರಗಳನ್ನು ಬೈಟಿನಲ್ಲಿ ಬರೆಯುವ ಯುಟಿಎಫ್ 8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್, ಗುಣಿತದ ಚಿಹ್ನೆ, ಒತ್ತು ತರುವ ಅರ್ಧಾಕ್ಷರದ ಚಿಹ್ನೆ ಎಲ್ಲ ಲೆಕ್ಕಕ್ಕೆ ಬರುತ್ತವೆ. "ತೀರ್ಥಹಳ್ಳಿ" ಎಂದರೆ 10 ಸಂಕೇತ, 30 ಬೈಟ್, ಅಷ್ಟಕ್ಕೇ ಮುಗಿಯಿತು. ಪಕ್ಕದಲ್ಲಿ "ಮನೆ" ಎಂದು ಸೇರಿಸಲು ಜಾಗ ಇಲ್ಲ. ಇನ್ನು ಸ್ಕ್ಯಾನ್ ಪಟ್ಟಿಯಲ್ಲಿ ಕನ್ನಡ ಹೆಸರು ಹಾಗೇ ಕಾಣುವುದಿಲ್ಲ. ಪ್ರತಿ ಬೈಟೂ ಹಿಂಬಾಗು ಗೆರೆ, ಎಕ್ಸ್, ಎರಡು ಹೆಕ್ಸ್ ಅಂಕಿ ಹೀಗೆ ಬರುತ್ತದೆ. ನಿಮ್ಮ ಕೋಡ್ ಅದನ್ನು ಬೈಟಿಗೆ ತಿರುಗಿಸಿ ಯುಟಿಎಫ್ 8 ಎಂದು ಓದಬೇಕು. ಹೆಸರು ಕೊಡುವಾಗ ಚಿಹ್ನೆ ಗೊಡವೆಯೇ ಬೇಡ ಎಂದು ನಾನು ಹೆಕ್ಸ್ ಆಗಿಯೇ ಕೊಡುತ್ತೇನೆ. ಎಂಥ ಹೆಸರಿದ್ದರೂ ನಡೆಯುತ್ತದೆ.

ಕಾಲೇಜು ಹಾಸ್ಟೆಲಿನಂಥ ಕಡೆ ಪ್ರತಿಯೊಬ್ಬರಿಗೂ ಬೇರೆ ಬಳಕೆ ಹೆಸರು, ಪಾಸ್‌ವರ್ಡ್ ಇರುತ್ತದೆ. ಅಲ್ಲಿ ಪಾಸ್‌ವರ್ಡ್ ಫೈಲಿನಲ್ಲಿ ಇಡಬೇಕೆಂದಿಲ್ಲ. ಬೇಕಾದಾಗ ಸಪ್ಲಿಕೆಂಟ್ ತಾನೇ ಸಿಟಿಆರ್‌ಎಲ್ ರೆಕ್ ಎಂಬ ಸೂಚನೆಯಲ್ಲಿ ಕೇಳುತ್ತದೆ, ನಿಮ್ಮ ಪ್ರೋಗ್ರಾಂ ಸಿಟಿಆರ್‌ಎಲ್ ಆರ್‌ಎಸ್‌ಪಿ ಎಂದು ಉತ್ತರ ಕಳಿಸುತ್ತದೆ. ಈ ಎರಡರಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಅಲ್ಲ, ಅಡ್ಡಗೆರೆ.

ಸುದ್ದಿ ಓದುವುದು

ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇಲ್ಲಿದೆ. ಮುಖ್ಯ ಸುದ್ದಿಗಳು ಹೆಚ್ಚಾಗಿ ಸಿಟಿಆರ್‌ಎಲ್ ಇವೆಂಟ್ ಎಂದು ಶುರುವಾಗುತ್ತವೆ. ನಮಗೆ ಬೇಕಾದವು ನಾಲ್ಕೈದು.

ಕನೆಕ್ಟೆಡ್: ಸೇರಿತು. ಇಲ್ಲಿಂದ ಐಪಿ ಸಿಕ್ಕಿತಾ ನೋಡುವ ಗಡಿಯಾರ ಶುರು ಮಾಡಿ.

ಡಿಸ್ಕನೆಕ್ಟೆಡ್: ತಪ್ಪಿತು. ಜೊತೆಗೆ ರೀಸನ್ ಎಂದು ಒಂದು ಸಂಖ್ಯೆ ಇರುತ್ತದೆ. 3 ಎಂದರೆ ಒಂದು ಕಡೆಯವರು ತಾವಾಗಿ ಹೊರಟರು. 4 ಎಂದರೆ ತುಂಬ ಹೊತ್ತು ಸದ್ದಿಲ್ಲದ್ದಕ್ಕೆ ಬಿಟ್ಟದ್ದು. 7 ಎಂದರೆ ನೀನು ನನ್ನ ಪಟ್ಟಿಯಲ್ಲೇ ಇಲ್ಲ ಎಂದು ರೂಟರ್ ಹೇಳುತ್ತಿದೆ. ಕರೆಂಟ್ ಹೋಗಿ ಬಂದು ರೂಟರ್ ಹೊಸದಾಗಿ ಎದ್ದಾಗ ಇದನ್ನು ನೋಡಬಹುದು. 15 ಎಂದರೆ ನಾಲ್ಕು ಸಂದೇಶದ ಖಾತ್ರಿ ಗಡುವಿನೊಳಗೆ ಮುಗಿಯಲಿಲ್ಲ. ಲೋಕಲಿ ಜನರೇಟೆಡ್ 1 ಎಂದು ಸಾಲಿನ ಕೊನೆಗೆ ಇದ್ದರೆ ಬಿಟ್ಟದ್ದು ನಮ್ಮ ಕಡೆಯಿಂದಲೇ. ಈ ಸಂಖ್ಯೆಯನ್ನು ಸಮಯದ ಜೊತೆ ತಪ್ಪದೆ ಲಾಗಿಗೆ ಬರೆಯಿರಿ. ಒಂದು ವಾರದ ಲಾಗ್ ನೋಡಿದರೆ ತೊಂದರೆ ರೂಟರಿನದ್ದೋ, ಕರೆಂಟಿನದ್ದೋ, ಸಿಗ್ನಲಿನದ್ದೋ ಎನ್ನುವ ಅಂದಾಜು ಸಿಗುತ್ತದೆ.

ನೆಟ್‌ವರ್ಕ್ ನಾಟ್ ಫೌಂಡ್: ನಮ್ಮ ಹೆಸರಿನ ರೂಟರ್ ಕಾಣುತ್ತಿಲ್ಲ. ನಮ್ಮಲ್ಲಿ ಕರೆಂಟ್ ಬಂದ ತಕ್ಷಣ ಪೈ ಎದ್ದುಬಿಡುತ್ತದೆ, ಜಗಲಿಯ ರೂಟರ್ ಏಳಲು ಜಾಸ್ತಿ ಹೊತ್ತು. ಆ ನಡುವೆ ಇದು ಬರುತ್ತಲೇ ಇರುತ್ತದೆ. ಏನೂ ಮಾಡಬೇಡಿ. ಸಪ್ಲಿಕೆಂಟ್ ತಾನೇ ಹುಡುಕುತ್ತಿರುತ್ತದೆ.

ಎಸ್‌ಎಸ್‌ಐಡಿ ಟೆಂಪ್ ಡಿಸೇಬಲ್ಡ್: ಇದನ್ನು ಸ್ವಲ್ಪ ನಿಂತು ನೋಡಬೇಕು. ಇದರ ಜೊತೆ ರೀಸನ್ ರಾಂಗ್ ಕೀ ಎಂದು ಬಂದರೆ ಪಾಸ್‌ವರ್ಡ್ ತಪ್ಪು ಎಂದು ಓದಿ ಗಾಬರಿಯಾಗುತ್ತೇವೆ. ನಿನ್ನೆಯವರೆಗೆ ನಡೆದ ಪಾಸ್‌ವರ್ಡ್ ಇವತ್ತು ಹೇಗೆ ತಪ್ಪಾಯಿತು? ನಾಲ್ಕು ಸಂದೇಶಗಳ ನಡುವೆ ಒಂದು ದಾರಿಯಲ್ಲಿ ಕಳೆದುಹೋದರೂ ಸಪ್ಲಿಕೆಂಟಿಗೆ ಕಾಣುವುದು ಖಾತ್ರಿ ಮುಗಿಯಲಿಲ್ಲ ಎಂಬುದಷ್ಟೇ. ಅದು ಪಾಸ್‌ವರ್ಡ್ ತಪ್ಪಿರಬಹುದು ಎಂದು ಊಹಿಸುತ್ತದೆ. ಮನೆಯಿಂದ ಪಂಪ್‌ಮನೆಗೆ ನಡುವೆ ಅಡಿಕೆ ಮರ, ಬಾಳೆ, ಮೆಣಸಿನ ಬಳ್ಳಿ. ಮಳೆಗಾಲದಲ್ಲಿ ಎಲೆಗಳೆಲ್ಲ ನೀರು ಹೊತ್ತು ನಿಂತಿರುತ್ತವೆ, ಆ ನೀರು ವೈಫೈ ಅಲೆಯನ್ನು ಹೀರುತ್ತದೆ. ಜೊತೆಗೆ ಹಳೆ ಮನೆಯ ದಪ್ಪ ಗೋಡೆ. ನನ್ನ ಲಾಗಿನಲ್ಲಿ ರಾಂಗ್ ಕೀ ಬಂದದ್ದೆಲ್ಲ ಜೋರು ಮಳೆಯ ಹೊತ್ತಿಗೇ. ಪಾಸ್‌ವರ್ಡ್ ಒಂದು ಸಲವೂ ತಪ್ಪಿರಲಿಲ್ಲ.

ಹೀಗಾದಾಗ ಸಪ್ಲಿಕೆಂಟ್ ಆ ನೆಟ್‌ವರ್ಕನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡುತ್ತದೆ. ಮೊದಲ ಸಲ 10 ಸೆಕೆಂಡ್. ಮತ್ತೆ ಸೋತರೆ 20, ಆಮೇಲೆ 30, 60, 90, 120, ಸೋಲು 50 ದಾಟಿದರೆ 300 ಸೆಕೆಂಡ್. ಎಷ್ಟು ಹೊತ್ತು ಎಂಬುದು ಅದೇ ಸಾಲಿನಲ್ಲಿ ಡ್ಯುರೇಶನ್ ಎಂದು ಇರುತ್ತದೆ. ಅವಧಿ ಮುಗಿದ ಮೇಲೆ ಅದೇ ಮತ್ತೆ ಯತ್ನಿಸುತ್ತದೆ. ನಿಮ್ಮ ಪ್ರೋಗ್ರಾಂ ಈಗ ಮಾಡಬೇಕಾದ್ದು ಇಷ್ಟೇ. ಸ್ಕ್ಯಾನ್ ಪಟ್ಟಿಯಲ್ಲಿ ನಮ್ಮ ರೂಟರಿನ ಸಿಗ್ನಲ್ ಮಟ್ಟ ನೋಡಿ. ಮೈನಸ್ 80 ಆಸುಪಾಸು ಅಥವಾ ಅದಕ್ಕಿಂತ ಕೆಳಗಿದ್ದರೆ ಸಿಗ್ನಲ್ ಸಮಸ್ಯೆ ಎಂದು ಬರೆದು ಸುಮ್ಮನೆ ಕಾಯಿರಿ. ಮೈನಸ್ 55, 60 ಇದ್ದೂ ರಾಂಗ್ ಕೀ ಬರುತ್ತಲೇ ಇದ್ದರೆ ಯಾರೋ ಪಾಸ್‌ವರ್ಡ್ ಬದಲಿಸಿದ್ದಾರೆಯೇ ಎಂದು ಮನೆಗೆ ಫೋನ್ ಮಾಡಿ ಕೇಳಿ. ಸಂಪರ್ಕ ಇದ್ದಾಗಲಾದರೆ ಸಿಗ್ನಲ್ ಪೋಲ್ ಎಂಬ ಕಮಾಂಡ್ ಇದೆ, ಆರ್‌ಎಸ್‌ಎಸ್‌ಐ ಎಂದು ಆ ಕ್ಷಣದ ಮಟ್ಟ ಕೊಡುತ್ತದೆ. ಐದು ನಿಮಿಷಕ್ಕೊಮ್ಮೆ ಬರೆದಿಟ್ಟುಕೊಂಡರೆ ಮಳೆಯ ಲೆಕ್ಕದ ಪಕ್ಕ ಇಟ್ಟು ನೋಡಲು ಚೆನ್ನಾಗಿರುತ್ತದೆ.

ನಾನು ಕೊನೆಗೆ ರೂಟರನ್ನು ಗೋಡೆಯ ಹಿಂದಿನಿಂದ ಜಗಲಿಯ ಕಿಟಕಿಗೆ ತಂದೆ, 5 ಗಿಗಾಹರ್ಟ್ಸ್ ಬಿಟ್ಟು ಪೈಯನ್ನು 2.4ಕ್ಕೆ ಮಾತ್ರ ಹಾಕಿದೆ. ರಾಂಗ್ ಕೀ ತುಂಬ ಕಡಿಮೆಯಾಯಿತು. ಆ ಸಂಖ್ಯೆಗಳು ಕಣ್ಣಿಗೆ ಬೀಳದಿದ್ದರೆ ನಾನು ಪಾಸ್‌ವರ್ಡನ್ನೇ ಬದಲಿಸುತ್ತಾ ಕೂತಿರುತ್ತಿದ್ದೆ.

ಹಾಗಾದರೆ ಕೈ ಹಾಕುವುದು ಯಾವಾಗ? ನನ್ನ ಪ್ರೋಗ್ರಾಂ ಎರಡೇ ಸಂದರ್ಭದಲ್ಲಿ ಹಾಕುತ್ತದೆ. ಕನೆಕ್ಟೆಡ್ ಬಂದು ಒಂದು ನಿಮಿಷವಾದರೂ ಐಪಿ ಸಿಗದಿದ್ದರೆ ರೂಟರಿಗೆ ಮತ್ತೆ ಸೇರು ಎನ್ನುವ ರೀಅಸೋಸಿಯೇಟ್ ಕಮಾಂಡ್ ಕಳಿಸುತ್ತದೆ. ಪಿಂಗ್‌ಗೆ ಪಾಂಗ್ ಬಾರದೆ, ಸಾಕೆಟ್ ಹೊಸದಾಗಿ ತೆರೆದರೂ ಬಾರದೆ ಇದ್ದರೆ ಸಪ್ಲಿಕೆಂಟ್ ಸೇವೆಯನ್ನೇ ಮತ್ತೆ ಎಬ್ಬಿಸುತ್ತದೆ. ಹೊರಗಿನ ಇಂಟರ್ನೆಟ್ ಇಲ್ಲದಿದ್ದರೆ ವೈಫೈ ಮುಟ್ಟುವುದೇ ಇಲ್ಲ, ಮಳೆಯ ಲೆಕ್ಕವನ್ನು ಕಾರ್ಡಿನಲ್ಲಿ ಕೂಡಿಟ್ಟು ಲೈನ್ ಬಂದ ಮೇಲೆ ಕಳಿಸುತ್ತದೆ.

ಡಿಬಸ್ ದಾರಿ

ಸಪ್ಲಿಕೆಂಟ್ ಜೊತೆ ಮಾತಾಡಲು ಇನ್ನೊಂದು ಇಂಟರ್‌ಫೇಸ್ ಡಿಬಸ್, ಲಿನಕ್ಸಿನ ಪ್ರೋಗ್ರಾಂಗಳು ಪರಸ್ಪರ ಮಾತಾಡಿಕೊಳ್ಳುವ ವ್ಯವಸ್ಥೆ. ನೆಟ್‌ವರ್ಕ್ ಮ್ಯಾನೇಜರ್ ಸಪ್ಲಿಕೆಂಟ್ ಜೊತೆ ಮಾತಾಡುವುದು ಇದರಲ್ಲೇ. ಇಲ್ಲಿ ಪಠ್ಯದ ಸಾಲು ಒಡೆಯುವ ಕೆಲಸ ಇಲ್ಲ. ಸಾಧನ ಒಂದು ವಸ್ತು, ಕಂಡ ಪ್ರತಿ ರೂಟರೂ ಒಂದು ವಸ್ತು, ಸೇರಿಸಿದ ನೆಟ್‌ವರ್ಕ್ ಒಂದು ವಸ್ತು. ಸ್ಟೇಟ್ ಎಂಬ ಗುಣ ಬದಲಾದಾಗ ಸಂಕೇತ ಬರುತ್ತದೆ, ಸ್ಕ್ಯಾನ್ ಮುಗಿದಾಗ ಸ್ಕ್ಯಾನ್ ಡನ್ ಬರುತ್ತದೆ. ವೈಫೈ ಹೆಸರು ಬೈಟುಗಳ ಸಾಲಾಗಿಯೇ ಸಿಗುವುದರಿಂದ ಕನ್ನಡ ಹೆಸರಿನ ತಲೆನೋವೂ ಇಲ್ಲ. ಪರದೆ ಇರುವ ಅಪ್ಲಿಕೇಶನ್, ಹಲವು ಸಾಧನ ನೋಡಿಕೊಳ್ಳುವ ಪ್ರೋಗ್ರಾಂ ಬರೆಯುವವರಿಗೆ ಇದೇ ಸರಿ. ಪುಟ್ಟ ಪೆಟ್ಟಿಗೆಗೆ ಸಾಕೆಟ್ ಸಾಕು, ಅವಲಂಬನೆ ಕಡಿಮೆ ಇದ್ದಷ್ಟೂ ಮಳೆಗಾಲದಲ್ಲಿ ನೆಮ್ಮದಿ.

ಹೋಂಸ್ಟೇ ನಡೆಸುವವರು ಪೈಯನ್ನೇ ರೂಟರ್ ಮಾಡಿಕೊಂಡಿದ್ದರೆ ಅಲ್ಲಿ ಹೆಚ್ಚಾಗಿ ಓಡುವುದು ರೂಟರ್ ಕಡೆಯ ಕೆಲಸ ನೋಡಿಕೊಳ್ಳುವ ಹೋಸ್ಟ್‌ಎಪಿಡಿ ಎಂಬ ಪ್ರೋಗ್ರಾಂ. ಅದೂ ಇದೇ ಮನೆಯದ್ದು, ಅದರ ಬಾಗಿಲೂ ಇದೇ ಬಗೆಯ ಸಾಕೆಟ್. ಯಾರು ಸೇರಿದರು, ಯಾರು ಹೋದರು ಎನ್ನುವ ಸುದ್ದಿ ಅಲ್ಲಿ ಸಿಗುತ್ತದೆ.

ಕೀಲಿ ಜೋಪಾನ

ಆ ಸಾಕೆಟ್ ಮುಟ್ಟಬಲ್ಲವರು ನಿಮ್ಮ ಯಂತ್ರವನ್ನು ಯಾವ ನೆಟ್‌ವರ್ಕಿಗೆ ಬೇಕಾದರೂ ಸೇರಿಸಬಲ್ಲರು. ಗುಂಪಿನಲ್ಲಿ ಬೇಕಾದವರನ್ನು ಮಾತ್ರ ಇಡಿ. ಗೆಟ್ ನೆಟ್‌ವರ್ಕ್ ಎಂದು ಪಾಸ್‌ವರ್ಡ್ ಕೇಳಿದರೆ ಸಪ್ಲಿಕೆಂಟ್ ಬರೀ ನಕ್ಷತ್ರ ಚಿಹ್ನೆ ತೋರಿಸುತ್ತದೆ, ಅಷ್ಟು ಜಾಣತನ ಅದಕ್ಕಿದೆ. ಆದರೆ ಫೈಲಿನಲ್ಲಿ ಪಾಸ್‌ವರ್ಡ್ ಬಯಲಾಗಿಯೇ ಇರುತ್ತದೆ. ಫೈಲನ್ನು ರೂಟ್, ಅಂದರೆ ಯಂತ್ರದ ಮುಖ್ಯ ಬಳಕೆದಾರ, ಬಿಟ್ಟು ಬೇರೆಯವರು ಓದದಂತೆ ಮಾಡಿ. ಡಬ್ಲ್ಯುಪಿಎ ಪಾಸ್‌ಫ್ರೇಸ್ ಎಂಬ ಸಲಕರಣೆ ಪಾಸ್‌ವರ್ಡನ್ನೂ ವೈಫೈ ಹೆಸರನ್ನೂ ಸೇರಿಸಿ 4096 ಸಲ ಅರೆದು 64 ಹೆಕ್ಸ್ ಅಂಕಿಯ ಕೀಲಿ ಮಾಡಿಕೊಡುತ್ತದೆ. ಅದನ್ನು ಬಳಸುವುದಾದರೆ ಅದು ಟಿಪ್ಪಣಿಯಾಗಿ ಮೂಲ ಪಾಸ್‌ವರ್ಡನ್ನೂ ಮೇಲೆ ಬರೆದಿಡುತ್ತದೆ, ಆ ಸಾಲು ಅಳಿಸಿ.

ಪರೀಕ್ಷೆ ಮಾಡದೆ ತೋಟಕ್ಕೆ ಒಯ್ಯಬೇಡಿ

ಮೇಜಿನ ಮೇಲೆ ಇಟ್ಟುಕೊಂಡೇ ನಾಲ್ಕು ಸಲ ಕೆಡಿಸಿ ನೋಡಿ. ರೂಟರ್ ಪ್ಲಗ್ ಹತ್ತು ನಿಮಿಷ ಕಿತ್ತಿಡಿ: ಲಾಗಿನಲ್ಲಿ ಡಿಸ್ಕನೆಕ್ಟೆಡ್, ನಾಟ್ ಫೌಂಡ್, ಕೊನೆಗೆ ಕನೆಕ್ಟೆಡ್ ಬರಬೇಕು, ನಡುವೆ ನಿಮ್ಮ ಪ್ರೋಗ್ರಾಂ ಏನೂ ಮಾಡಿರಬಾರದು. ರೂಟರಿನ ಹೊರಗಿನ ತಂತಿ ಮಾತ್ರ ಕೀಳಿ: ವೈಫೈ ಸುದ್ದಿ ಒಂದೂ ಬರಬಾರದು, ಲೆಕ್ಕ ಕಾರ್ಡಿನಲ್ಲಿ ಸೇರುತ್ತಿರಬೇಕು. ಸಪ್ಲಿಕೆಂಟನ್ನು ಕೈಯಾರೆ ಕೊಲ್ಲಿ: ಪಾಂಗ್ ತಪ್ಪಿದ್ದನ್ನು ಪ್ರೋಗ್ರಾಂ ಹಿಡಿದು, ಅದನ್ನು ಎಬ್ಬಿಸಿ, ಮತ್ತೆ ಅಟ್ಯಾಚ್ ಆಗಬೇಕು. ಪೈಯನ್ನು ಒಂದು ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳ ಅರ್ಧ ಮುಚ್ಚಿ: ಸಿಗ್ನಲ್ ಮಟ್ಟ ಇಳಿಯುವುದನ್ನು ಸಿಗ್ನಲ್ ಪೋಲ್‌ನಲ್ಲಿ ನೋಡಿ, ಎಲ್ಲಿಗೆ ಬಂದಾಗ ಕೈ ಬಿಡುತ್ತದೆ ಎಂದು ಬರೆದಿಟ್ಟುಕೊಳ್ಳಿ. ಪಂಪ್‌ಮನೆಯಲ್ಲಿ ಪೆಟ್ಟಿಗೆ ಎಲ್ಲಿ ಮೊಳೆ ಹೊಡೆದು ತೂಗುಹಾಕಬೇಕು ಎಂದು ಗುರುತು ಮಾಡುವಾಗ ಆ ಸಂಖ್ಯೆಯನ್ನೇ ನೋಡುತ್ತೀರಿ.